ಮಾತು ಶುರುವಾದ ಮೇಲೆ ರೋಬೋಟ್ ಸರಿದು ನಿಲ್ಲಬೇಕು

ಉದ್ಯಾನದಲ್ಲಿ, ವಸತಿ ಸಮುಚ್ಚಯದ ಅಂಗಳದಲ್ಲಿ ದಿನವೂ ಎದುರಾದರೂ ಹೆಸರು ತಿಳಿಯದ ನೆರೆಹೊರೆಯವರನ್ನು ಮಾತಿಗೆಳೆಯುವ ರೋಬೋಟ್ ಮಾಡಲು ಹೊರಟಾಗ ನಾನು ಮೊದಲು ಕೈಗೊಂಡ ತೀರ್ಮಾನ, ಅದಕ್ಕೆ ಮಾತು ಕೊಡುವುದಿಲ್ಲ ಎಂಬುದು. ಮಾತಾಡುವ ಯಂತ್ರ ಎದುರಿಗಿದ್ದರೆ ಜನ ಅದರೊಡನೆಯೇ ಮಾತಾಡುತ್ತಾ ನಿಲ್ಲುತ್ತಾರೆ. ಪಕ್ಕದಲ್ಲಿ ನಿಂತವರತ್ತ ಕತ್ತು ತಿರುಗುವುದೇ ಇಲ್ಲ.

ಯೋಚನೆಯ ಬೇರು ಹಳೆಯದು. ನ್ಯೂಯಾರ್ಕ್‌ನ ಚೌಕಗಳಲ್ಲಿ ಜನರ ನಡವಳಿಕೆಯನ್ನು ಕ್ಯಾಮೆರಾ ಹಿಡಿದು ಗಮನಿಸಿದ ವಿಲಿಯಂ ವೈಟ್, ನಡುವೆ ಒಬ್ಬ ಬೀದಿ ಕಲಾವಿದನೋ ಒಂದು ಶಿಲ್ಪವೋ ಇದ್ದರೆ ಅಪರಿಚಿತರು ಪರಿಚಿತರಂತೆ ಮಾತಿಗಿಳಿಯುತ್ತಾರೆ ಎಂದು 1980ರಲ್ಲಿ ಬರೆದರು. ಇಬ್ಬರನ್ನು ಬೆಸೆಯುವ ಆ ಮೂರನೆಯ ಬಿಂದು ಚಲಿಸುವ ವಸ್ತುವೂ ಆಗಬಹುದು ಎಂಬುದನ್ನು 2009ರಲ್ಲಿ ವಿನ್ಯಾಸಕಿ ಕೇಸಿ ಕಿನ್ಜರ್ ಅವರ ಟ್ವೀನ್‌ಬಾಟ್‌ಗಳು ತೋರಿಸಿದವು. ನೇರವಾಗಿ ಮಾತ್ರ ಚಲಿಸಬಲ್ಲ ಆ ರಟ್ಟಿನ ಪುಟ್ಟ ರೋಬೋಟ್‌ಗಳು ತಲುಪಬೇಕಾದ ಜಾಗವನ್ನು ಬಾವುಟದಲ್ಲಿ ಬರೆದುಕೊಂಡು ಹೊರಟಾಗ, ದಾರಿಹೋಕರೇ ಅವನ್ನು ಸರಿಯಾದ ದಿಕ್ಕಿಗೆ ತಿರುಗಿಸಿ ಬಿಟ್ಟರು. ಜಪಾನಿನ ರೋಬೋಟ್ ಸಂಶೋಧಕ ಮಿಚಿಯೊ ಒಕಾಡ ಅವರ ಕಸದ ಬುಟ್ಟಿ ರೋಬೋಟ್ ಕೂಡ ಇದೇ ಜಾತಿಯದು: ಕಸದ ಬಳಿಗೆ ಹೋಗಿ ಬಾಗುತ್ತದೆ, ಎತ್ತಿ ಹಾಕುವುದು ಮಾತ್ರ ಮನುಷ್ಯರು. ಅಸಹಾಯಕತೆಯನ್ನೇ ವಿನ್ಯಾಸವಾಗಿಸಿದ ಈ ಎರಡು ಉದಾಹರಣೆಗಳು ನನಗೆ ಯಾವ ಬುದ್ಧಿವಂತ ಯಂತ್ರಕ್ಕಿಂತಲೂ ಹೆಚ್ಚು ಕಲಿಸಿವೆ.

ನಾನು ಒಂದು ಹೆಜ್ಜೆ ಮುಂದೆ ಹೋಗಿ, ಒಬ್ಬರ ನೆರವು ಸಾಲದ ರೋಬೋಟ್ ಮಾಡಿದೆ. ಗಾಲಿಗಳ ಮೇಲೆ ಎರಡು ಮೀಟರ್ ಉದ್ದದ ಪೆಟ್ಟಿಗೆ, ಎರಡೂ ತುದಿಗಳಲ್ಲಿ ಒಂದೊಂದು ಹಿಡಿ, ನಡುವೆ ಒಂದು ಪರದೆ. ಎಷ್ಟೇ ಕೈ ಚಾಚಿದರೂ ಒಬ್ಬರಿಗೆ ಎರಡೂ ಹಿಡಿಗಳು ಎಟುಕುವುದಿಲ್ಲ. ಆ ಅಳತೆಗೆ ಇನ್ನೊಂದು ಕಾರಣವೂ ಇದೆ. ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಗುರುತಿಸಿದ ಸಾಮಾಜಿಕ ಅಂತರ, ಅಂದರೆ ಆಪ್ತರಲ್ಲದವರು ಮಾತಾಡುವಾಗ ಕಾಯ್ದುಕೊಳ್ಳುವ ದೂರ, ಸುಮಾರು 1.2 ಮೀಟರ್‌ನಿಂದ 3.6 ಮೀಟರ್‌ವರೆಗಿನದು. ಅಂತರದ ರೂಢಿ ಸಂಸ್ಕೃತಿಯಿಂದ ಸಂಸ್ಕೃತಿಗೆ ಬದಲಾಗುತ್ತದೆ, ನಿಜ. ಆದರೂ ಎರಡು ಮೀಟರ್ ದೂರದಲ್ಲಿ ನಿಂತ ಅಪರಿಚಿತರಿಗೆ ಮುಜುಗರವಾಗಿದ್ದನ್ನು ನಾನು ಕಂಡಿಲ್ಲ. ಹಿಡಿಗಳ ಎತ್ತರವನ್ನು ಗಾಲಿಕುರ್ಚಿಯಲ್ಲಿ ಕುಳಿತವರ ಕೈಗೆ ಹೊಂದಿಸಿದ್ದೇನೆ.

ಪರದೆಯಲ್ಲಿ ಬರುವುದು ಅದೇ ಜಾಗದ ಯಾವುದೋ ಮೂಲೆಯನ್ನು ತೀರಾ ಹತ್ತಿರದಿಂದ ತೆಗೆದ ಚಿತ್ರ: ಒಂದು ಮರದ ತೊಗಟೆ, ಬಣ್ಣ ಕಿತ್ತ ಗೋಡೆ, ಗೇಟಿನ ತುಕ್ಕು. ಮೊದಲಿಗೆ ಅದು ಮಸುಕು. ಎರಡೂ ಹಿಡಿಗಳನ್ನು ಒಂದೇ ವೇಗದಲ್ಲಿ ತಿರುಗಿಸಿದರೆ ಮಾತ್ರ ಸ್ಪಷ್ಟವಾಗುತ್ತದೆ. ಹೀಗಾಗಿ ಹಿಡಿ ತಿರುಗಿಸುವವರ ಮೊದಲ ಮಾತು ಸಾಮಾನ್ಯವಾಗಿ ‘ಸ್ವಲ್ಪ ನಿಧಾನ’ ಎಂದಿರುತ್ತದೆ. ಪರಿಚಯ ಮಾಡಿಕೊಳ್ಳುವ ಭಾರವಿಲ್ಲದೆ ಬಾಯಿಗೆ ಬರುವ ಮಾತು ಅದು. ಅದಕ್ಕಾಗಿಯೇ ಇಡೀ ಯಂತ್ರವನ್ನು ಕಟ್ಟಿದ್ದೇನೆ ಎಂದರೂ ತಪ್ಪಿಲ್ಲ. ಒಮ್ಮೆ ಒಬ್ಬ ವೃದ್ಧರು ಮತ್ತು ಒಬ್ಬ ಯುವತಿ ಚಿತ್ರವನ್ನು ಸ್ಪಷ್ಟಗೊಳಿಸಿದರು. ತೊಗಟೆಯ ಮೇಲೊಂದು ಹಳೆಯ ಗಾಯದ ಗುರುತು ಕಾಣಿಸಿತು. ಅದು ಯಾವ ಮರ ಎಂಬ ವಾದ ಎದ್ದಿತು. ಯುವತಿ ಒಂದು ಮರ ತೋರಿಸಿದರೆ ವೃದ್ಧರು ಇನ್ನೊಂದನ್ನು ತೋರಿಸಿದರು. ಕೊನೆಗೆ ಇಬ್ಬರೂ ನೋಡಿಬರಲು ಹೊರಟೇಬಿಟ್ಟರು, ರೋಬೋಟ್ ಅಲ್ಲೇ ಉಳಿಯಿತು. ನನಗೆ ಬೇಕಿದ್ದುದು ಇದೇ.

ಅತಿ ಹೆಚ್ಚು ಶ್ರಮ ಬೇಡಿದ್ದು ನಿರ್ಗಮನದ ವಿನ್ಯಾಸ. ಮಾತಾಡುವವರು ತಮ್ಮ ನಡುವೆ ಒಂದು ಹಂಚಿಕೆಯ ಜಾಗ ಉಳಿಸಿಕೊಂಡು ನಿಲ್ಲುತ್ತಾರೆ ಎಂದು ಮುಖಾಮುಖಿ ಮಾತುಕತೆಯನ್ನು ಅಧ್ಯಯನ ಮಾಡಿದ ಆಡಮ್ ಕೆಂಡನ್ ತೋರಿಸಿದ್ದಾರೆ. ರೋಬೋಟ್ ಆ ಜಾಗದಲ್ಲೇ ಠಿಕಾಣಿ ಹೂಡಿದರೆ ಮಾತಿಗೆ ಅದೇ ಅಡ್ಡಿ. ಇಬ್ಬರ ಭುಜಗಳೂ ಪರದೆಯಿಂದ ಪರಸ್ಪರರತ್ತ ತಿರುಗಿದ್ದನ್ನು ಸಂವೇದಕ ಗುರುತಿಸಿದೊಡನೆ ಪರದೆ ಮಂಕಾಗಬೇಕು, ಪೆಟ್ಟಿಗೆ ನಿಧಾನವಾಗಿ ಹಿಂದೆ ಸರಿಯಬೇಕು. ಬೇಗ ಸರಿದರೆ ಇಬ್ಬರೂ ಅದನ್ನೇ ನೋಡುತ್ತಾರೆ, ಮಾತು ಅಲ್ಲಿಗೇ ತುಂಡಾಗುತ್ತದೆ. ಈ ಸಮಯವನ್ನು ಹದಗೊಳಿಸಲು ತಂತ್ರಾಂಶ ಬರೆಯುವ ಮೊದಲು ನಾನೇ ದೂರದಲ್ಲಿ ಕುಳಿತು ರಿಮೋಟ್‌ನಿಂದ ನಡೆಸಿದೆ. ಮರೆಯಲ್ಲಿ ಅಡಗಿ ಯಂತ್ರ ನಡೆಸುವ ಕಥೆಯ ಮಾಂತ್ರಿಕನ ಹೆಸರಿನಲ್ಲಿ ರೋಬೋಟ್ ಸಂಶೋಧಕರು ‘ಮಾಂತ್ರಿಕ ಓಝ್’ ವಿಧಾನ ಎನ್ನುವುದು ಇದನ್ನೇ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನನ್ನ ಸಲಹೆಯೂ ಅದೇ: ಮೊದಲು ಕೈಯಿಂದ ನಡೆಸಿ, ಆಮೇಲೆ ಸ್ವಯಂಚಾಲಿತ ಮಾಡಿ.

ಮಕ್ಕಳ ವಿಷಯ ಬೇರೆಯೇ. ಜಪಾನಿನ ಮಾಲ್‌ನಲ್ಲಿ ಮಕ್ಕಳು ರೋಬೋಟಿಗೆ ಅಡ್ಡಗಟ್ಟಿ ಹೊಡೆಯುವುದನ್ನು ಅಧ್ಯಯನ ಮಾಡಿದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಪರಿಹಾರದಂತೆ, ಅಂಥ ಕಾಟದ ಸೂಚನೆ ಕಂಡೊಡನೆ ರೋಬೋಟ್ ದೊಡ್ಡವರಿರುವತ್ತ ಹೊರಟುಬಿಡುತ್ತದೆ. ನಾನು ಅದನ್ನು ಹಾಗೆಯೇ ಅಳವಡಿಸಿಕೊಂಡೆ. ಜೊತೆಗೆ ಅಂಚುಗಳಿಗೆ ಮೆತ್ತೆ, ಮನುಷ್ಯರ ನಡಿಗೆಗಿಂತ ಕಡಿಮೆ ವೇಗ, ಅದನ್ನು ನಿಲ್ಲಿಸಲು ಯಾರು ಬೇಕಾದರೂ ಒತ್ತಬಹುದಾದ ಕೆಂಪು ಗುಂಡಿ.

ಮುಖಗಳನ್ನು ಗುರುತಿಸುವ ತಂತ್ರಾಂಶವನ್ನು ನಾನು ಹಾಕಿಲ್ಲ, ಹಾಕುವುದೂ ಇಲ್ಲ. ಭುಜದ ದಿಕ್ಕಿನ ಲೆಕ್ಕ ಯಂತ್ರದೊಳಗೇ ಮುಗಿಯುತ್ತದೆ, ವಿಡಿಯೊ ಉಳಿಯುವುದಿಲ್ಲ. ಇದನ್ನು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ. ನೆರೆಹೊರೆಯವರ ನಡುವೆ ನಂಬಿಕೆ ಬೆಳೆಸಲು ಹೊರಟ ವಸ್ತು ಅವರ ಮೇಲೇ ಕಣ್ಣಿಡುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ಫಲ ಅಳೆಯುವಾಗ ಎಷ್ಟು ಜನ ಹಿಡಿ ತಿರುಗಿಸಿದರು ಎಂಬ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಹೊಸತೆಂಬ ಕಾರಣಕ್ಕೇ ಆರಂಭದಲ್ಲಿ ಜನ ಮುತ್ತಿಕೊಳ್ಳುತ್ತಾರೆ, ಆಮೇಲೆ ಕರಗುತ್ತಾರೆ. ಅದಕ್ಕಾಗಿ ನಡುನಡುವೆ ರೋಬೋಟನ್ನು ಬೇಕೆಂದೇ ತರದೆ, ಅದೇ ಹೊತ್ತಿನಲ್ಲಿ ಅದೇ ಬೆಂಚುಗಳ ಬಳಿ ಯಾರು ಯಾರೊಡನೆ ನಿಂತು ಮಾತಾಡುತ್ತಾರೆ ಎಂದು ನೋಡುತ್ತೇನೆ. ಹೆಸರು ಬರೆದುಕೊಳ್ಳುವುದಿಲ್ಲ, ಜೋಡಿ ಗುಂಪುಗಳ ಎಣಿಕೆ ಮಾತ್ರ. ಈಗ ಚಿತ್ರಗಳನ್ನು ಆರಿಸುವ ಕೆಲಸವನ್ನು ನಿವಾಸಿಗಳಿಗೇ ಒಪ್ಪಿಸುತ್ತಿದ್ದೇನೆ. ಮೊದಲ ಕಂತಿನಲ್ಲಿ ಒಬ್ಬರು ಕಳಿಸಿದ್ದು, ನಾನು ಇಷ್ಟು ಕಾಲ ಓಡಾಡಿಯೂ ಗಮನಿಸದ ಒಂದು ಮೆಟ್ಟಿಲ ಅಂಚಿನ ಚಿತ್ರ.