ಜಾರುವ ಪರ್ಸಿ, ತೆರೆದ ಮಾಳಿಗೆ, ರಾಶಿ ಮಷಿನ್: ಗಾಯ ತಪ್ಪಿಸುವುದು ಹೇಗೆ?

ಹರೆಯದವರು ಹೆಚ್ಚಾಗಿ ಬೀಳುವುದು ಬೈಕಿನಿಂದ. ದುಡಿಯುವವರಿಗೆ ಪೆಟ್ಟಾಗುವುದು ಹೊಲದಲ್ಲಿ, ಕಲ್ಲಿನ ಗಣಿಯಲ್ಲಿ, ಕಟ್ಟಡದ ಕೆಲಸದಲ್ಲಿ. 60 ದಾಟಿದವರು ಬೀಳುವುದು ಮಾತ್ರ ಹೆಚ್ಚಾಗಿ ಮನೆಯೊಳಗೇ. ಹಾಗಾಗಿ ಮನೆಯಿಂದಲೇ ಶುರು ಮಾಡೋಣ.

ಮೊದಲು ಬಚ್ಚಲು ನೋಡಿ. ಕಲಬುರಗಿ ಕಡೆ ಎಷ್ಟೋ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಪರ್ಸಿಯೇ, ಅಂದರೆ ಹಾಸುಗಲ್ಲು. ಬೇಸಿಗೆಗೆ ತಂಪು, ನಿಜ. ಆದರೆ ವರ್ಷಗಟ್ಟಲೆ ತುಳಿದು ನುಣುಪಾದ ಪರ್ಸಿಯ ಮೇಲೆ ಸೋಪಿನ ನೀರು ಬಿದ್ದರೆ ಕಾಲು ನಿಲ್ಲುವುದಿಲ್ಲ. ಪರ್ಸಿ ಕೀಳಿಸಬೇಕಿಲ್ಲ. ಜಳಕ ಮಾಡುವ ಜಾಗವನ್ನಷ್ಟೇ ಉಳಿಯಿಂದ ಒರಟು ಮಾಡಿಸಿ. ಪಾಚಿ ಕಟ್ಟಲು ಬಿಡಬೇಡಿ. ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸಿ. ನಲ್ಲಿ ಹಿಡಿದು ಏಳುವ ರೂಢಿ ಬೇಡವೇ ಬೇಡ. ರಾತ್ರಿ ಹಾಸಿಗೆಯಿಂದ ಬಚ್ಚಲತನಕ ಸಣ್ಣ ಬಲ್ಬ್ ಉರಿಯಲಿ. ಕರೆಂಟ್ ಹೋಗುವುದು ಇದ್ದದ್ದೇ ಅಲ್ವಾ, ದಿಂಬಿನ ಪಕ್ಕ ಬ್ಯಾಟರಿಯೂ ಇರಲಿ.

ಇಷ್ಟಾಗಿಯೂ ಅಜ್ಜಿ ಬಿದ್ದು ಏಳಲಾಗದಿದ್ದರೆ ಎಳೆದು ನಿಲ್ಲಿಸಬೇಡಿ. ಎಣ್ಣೆ ಹಚ್ಚಿ ತಿಕ್ಕಲೂಬೇಡಿ. ಒಂದು ಕಾಲು ಗಿಡ್ಡವಾಗಿ, ಹೊರಗೆ ತಿರುಗಿದಂತೆ ಕಂಡರೆ ಸೊಂಟದ ಕೀಲಿನ ಹತ್ತಿರ ಎಲುಬು ಮುರಿದಿರಬಹುದು. ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ.

ಬೇಸಿಗೆಯಲ್ಲಿ ಮಾಳಿಗೆ ಮೇಲೆ ಮಲಗುತ್ತೀರಾ? ಅಂಚಿಗೆ ಸೊಂಟದೆತ್ತರದ ಗೋಡೆ ಇಲ್ಲದಿದ್ದರೆ ಅಲ್ಲಿ ಮಲಗಬೇಡಿ. ನಿದ್ದೆಗಣ್ಣಿನಲ್ಲಿ ಎದ್ದವರಿಗೆ ಅಂಚು ಎಲ್ಲಿ ಮುಗಿಯಿತೆಂದು ಗೊತ್ತಾಗುವುದಿಲ್ಲ.

ರಸ್ತೆಗೆ ಹೊರಟರೆ ಹೆಲ್ಮೆಟ್ ಹಾಕಿ, ಪಟ್ಟಿಯನ್ನೂ ಬಿಗಿಯಿರಿ. ಸುಮ್ನೆ ತಲೆ ಮೇಲೆ ಇಟ್ಟದ್ದು ಬಿದ್ದಾಗ ಹಾರಿಹೋಗುತ್ತದೆ. ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು. ಟ್ರ್ಯಾಕ್ಟರ್ ಇದ್ದವರು ಟ್ರಾಲಿಯ ಹಿಂದೆ ರಿಫ್ಲೆಕ್ಟರ್ ಅಂಟಿಸಿ. ಕತ್ತಲಲ್ಲಿ ನಿಂತ ಟ್ರಾಲಿ ಬೈಕಿನವರಿಗೆ ತೀರಾ ಹತ್ತಿರ ಬರುವವರೆಗೂ ಕಾಣುವುದಿಲ್ಲ.

ಇನ್ನು ತೊಗರಿ ರಾಶಿ, ಅಂದರೆ ಮಷಿನ್ ಹಾಕಿ ಕಾಳು ಬಿಡಿಸುವ ಕೆಲಸ. ನನಗೆ ಜಾಸ್ತಿ ಹೆದರಿಕೆ ಇದರದ್ದೇ. ಮಷಿನ್ ಹತ್ತಿರ ಹೋಗುವ ಮೊದಲು ಸೆರಗು ಬಿಗಿಯಾಗಿ ಸಿಕ್ಕಿಸಿ, ಕೊರಳಿನ ಟವೆಲ್ ತೆಗೆದಿಡಿ, ಬಳೆ-ಕಡಗ ಬಿಚ್ಚಿ. ಮಷಿನ್ ಒಳಗೆ ತೊಗರಿ ಕಟ್ಟಿಗೆ ಸಿಕ್ಕಿಕೊಂಡರೆ ಕೈ ಹಾಕಬೇಡಿ. ಮಷಿನ್ ಓಡಿಸುವ ಟ್ರ್ಯಾಕ್ಟರ್ ಬಂದ್ ಮಾಡಿ, ಚಕ್ರ ಪೂರ್ತಿ ನಿಲ್ಲುವತನಕ ಕಾಯಿರಿ. ರಾತ್ರಿಯೆಲ್ಲ ನಿದ್ದೆಗೆಟ್ಟವರನ್ನು ಮಷಿನ್‌ಗೆ ತೊಗರಿ ಹಾಕುವ ಕೆಲಸಕ್ಕೆ ನಿಲ್ಲಿಸಬೇಡಿ.

ಬೆರಳು ತುಂಡಾದರೆ ಗಾಯದ ಮೇಲೆ ಶುಭ್ರವಾದ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ. ಆ ಚೀಲವನ್ನು ಐಸ್ ಮೇಲೆ ಇಡಿ; ಬೆರಳಿಗೆ ನೇರವಾಗಿ ಐಸ್ ತಾಗಬಾರದು. ಗಾಯಾಳುವಿನ ಜೊತೆಗೇ ಅದನ್ನೂ ಆಸ್ಪತ್ರೆಗೆ ಕಳಿಸಿ.