ನಮ್ಮ ಕಾಫಿಪುಡಿಯ ನಕಲು ಹಿಡಿದದ್ದು

ಮೈಸೂರಿನ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿ, "ಏನಮ್ಮಾ, ಈ ಸಲ ಚಿಕೋರಿ ಸುರಿದುಬಿಟ್ಟಿದ್ದೀರಲ್ಲ" ಅಂದಾಗ ಎದೆ ಧಸಕ್ಕೆಂದಿತು. ಸುಂಟಿಕೊಪ್ಪದ ನಮ್ಮ ಮನೆಯಲ್ಲಿ ಹುರಿದು ಬೀಸುವುದು ಬರೀ ಕಾಫಿ. ಅವರು ಪುಡಿ ಕೊಂಡದ್ದು ಮಡಿಕೇರಿಯ ಒಂದು ಅಂಗಡಿಯಲ್ಲಿ. ಅಲ್ಲಿಗೆ ನಾವು ಮಾಲು ಹಾಕಿದ್ದೇ ಇಲ್ಲ.

ಮರುದಿನವೇ ಹೋದೆ. ಜಗಳ ತೆಗೆಯಲಿಲ್ಲ, ತೆಗೆದಿದ್ದರೆ ಸಂಜೆಯೊಳಗೆ ಮಾಲು ಮಾಯವಾಗುತ್ತಿತ್ತು. ಎರಡು ಪೊಟ್ಟಣ ಕೊಂಡು ಬಿಲ್ಲು ಬರೆಸಿಕೊಂಡೆ. ಒಂದನ್ನು ಒಡೆಯದೆ ಎತ್ತಿಟ್ಟೆ. ಇನ್ನೊಂದರ ಪುಡಿಯನ್ನು ತಣ್ಣೀರಿನ ಲೋಟಕ್ಕೆ ಉದುರಿಸಿದರೆ ಕಾಫಿ ಮೇಲೆ ತೇಲಿತು, ಚಿಕೋರಿ ಕಂದು ಗೆರೆ ಎಳೆಯುತ್ತಾ ತಳಕ್ಕಿಳಿಯಿತು. ಹೆಸರು, ಬಣ್ಣ, ಅತ್ತೆ ಬಿಡಿಸಿದ ಒಳ್ಳೆಮೆಣಸಿನ ಬಳ್ಳಿಯ ಚಿತ್ರ, ಎಲ್ಲ ನಮ್ಮದೇ. ಆದರೆ ಬ್ಯಾಚ್ ನಂಬರನ್ನು ನಾವು ಕೈಯಲ್ಲೇ ಒತ್ತುತ್ತೇವೆ, ಒಂದೊಂದರಲ್ಲೂ ಒಂದೊಂದು ಥರ ಓರೆ. ಇದರಲ್ಲಿ ನಂಬರು ಕವರಿನ ಜೊತೆಗೇ ಅಚ್ಚಾಗಿತ್ತು.

ಠಾಣೆಯಲ್ಲಿ ಮೊದಲು "ಇದು ಸಿವಿಲ್ ವ್ಯಾಜ್ಯ" ಅಂದರು. ನಮ್ಮ ವಕೀಲರು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯನ್ನೇ ಮುಂದಿಟ್ಟರು. ಸುಳ್ಳು ಗುರುತು ಹಾಕಿದರೆ 103ನೇ ಕಲಂ, ಅಂಥ ಮಾಲು ಮಾರಿದರೆ 104. ಎರಡಕ್ಕೂ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ತೀರ್ಪಿನಲ್ಲಿ ವಿಶೇಷ ಕಾರಣ ಬರೆದರಷ್ಟೇ ಇದಕ್ಕಿಂತ ಇಳಿಸಬಹುದು. ಪೊಲೀಸರು ವಾರಂಟ್ ಇಲ್ಲದೆ ಜಪ್ತಿ ಮಾಡಬಹುದು. ಆದರೆ 115ನೇ ಕಲಮಿನ ಪ್ರಕಾರ ಡಿವೈಎಸ್‌ಪಿಗಿಂತ ಕೆಳಗಿನವರು ಮಾಡುವಂತಿಲ್ಲ, ಅದಕ್ಕೂ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರರ ಅಭಿಪ್ರಾಯ ಬರಬೇಕು. ಹೆಚ್ಚಿನ ದಿನ ಹಿಡಿದದ್ದು ಇದೇ. ನೋಂದಣಿ ಪತ್ರ, ಅಸಲಿ ನಕಲಿ ಎರಡರ ಫೋಟೊ, ಬಿಲ್ಲು ಎಲ್ಲ ದೂರಿನ ಜೊತೆಗೇ ಕೊಟ್ಟಿದ್ದರಿಂದ ಅಷ್ಟಾದರೂ ಬೇಗ ಆಯಿತು.

ಮಹಜರಿನ ದಿನ ಅಂಗಡಿಯವನ ಕೈ ನಡುಗುತ್ತಿತ್ತು. "ಅಕ್ಕಾ, ಲೈನ್ ಗಾಡಿಯವನು ಹಾಕಿ ಹೋದ, ನಿಮ್ಮದೇ ಅಂದ." ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಎಚ್ಚರ ವಹಿಸಿಯೂ ಅನುಮಾನಕ್ಕೆ ಕಾರಣ ಕಾಣಲಿಲ್ಲವೆಂದು ರುಜುವಾತು ಮಾಡಿ, ಮಾಲು ಕೊಟ್ಟವರ ವಿವರ ಪೂರ್ತಿ ಒಪ್ಪಿಸಿದರೆ 104ನೇ ಕಲಂ ಅಂಥವರನ್ನು ಬಿಡುತ್ತದೆ. ಅದನ್ನು ನಾನೇ ಅವನಿಗೆ ಹೇಳಿದೆ. ಡಬ್ಬಿಯೆಲ್ಲ ಹುಡುಕಿ ಬಿಲ್ಲು ತಂದ. ಆ ಬಿಲ್ಲು ಹಿಡಿದೇ ಗೋದಾಮು ಸಿಕ್ಕಿತು. ಅಲ್ಲಿ ಖಾಲಿ ಕವರಿನ ಸುರುಳಿ ಬಿಚ್ಚಿದಾಗ ಅತ್ತೆಯ ಬಳ್ಳಿ ಉದ್ದಕ್ಕೂ ಸಾಲುಸಾಲಾಗಿ ಕಂಡು ನನಗೆ ಅಳು ತಡೆಯಲಾಗಲಿಲ್ಲ.

ಕೇಸು ನಡೆಯುತ್ತಿದೆ. ಒಡೆಯದ ಆ ಪೊಟ್ಟಣ ಈಗ ಕೋರ್ಟಿನ ವಶದಲ್ಲಿದೆ.