ಅರವತ್ತರ ಮಾಲ್ಟ್‌ಗೆ ಎಷ್ಟು ಚಮಚ ನೀರು?

ಕಾಫಿ ಕಪ್ಪಿಂಗ್, ಅಂದರೆ ಕಾಫಿಯ ರುಚಿ ಪರೀಕ್ಷೆ, ಗೊತ್ತಿದ್ದವನಿಗೆ ವಿಸ್ಕಿ ರುಚಿ ನೋಡೋದು ಏನು ಮಹಾ ಅಂದುಕೊಂಡಿದ್ದೆ. ಚಮಚದಲ್ಲಿ ತೆಗೆದುಕೊಂಡು ಸುರ್ ಅಂತ ಎಳೆದೆ. ಕಾಫಿಗೆ ಹಾಗೇ ಮಾಡಬೇಕು, ನಾಲಿಗೆ ತುಂಬಾ ಚಿಮ್ಮಬೇಕು. ಆದರೆ ಚಮಚದಲ್ಲಿದ್ದದ್ದು ಶೇ. 60 ಆಲ್ಕೋಹಾಲ್. ನೆತ್ತಿಗೇ ಹತ್ತಿತು. ಐದು ನಿಮಿಷ ಕೆಮ್ಮಿದೆ. ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಬಾಟಲಿ ಗ್ಲೆನ್‌ಫಾರ್ಕ್ಲಾಸ್ 105. ಅಕ್ಕನ ಮಗ ಡ್ಯೂಟಿ ಫ್ರೀಯಲ್ಲಿ ತಂದ ಒಂದು ಲೀಟರಿನದು. ಸ್ಕಾಟ್‌ಲೆಂಡಿನ ಸ್ಪೇಸೈಡ್‌ನಲ್ಲಿ ಗ್ರಾಂಟ್ ಮನೆತನದವರು 1865ರಿಂದ ನಡೆಸುತ್ತಿರುವ ಡಿಸ್ಟಿಲರಿ. ಇದು ಕಾಸ್ಕ್ ಸ್ಟ್ರೆಂತ್ ವಿಸ್ಕಿ. ಹಾಗಂದರೆ ಪೀಪಾಯಿಯಿಂದ ಇಳಿಸಿದ್ದನ್ನು ನೀರು ಬೆರೆಸಿ 40ಕ್ಕೆ ತರದೆ ಹಾಗೇ ತುಂಬಿಸುವುದು. ಇದು ಸದಾ ಸರಿಯಾಗಿ 60ಕ್ಕೇ ನಿಲ್ಲುತ್ತದೆ, ಹಾಗಾಗಿ ಒಂಚೂರು ಹೊಂದಿಸಿಯೇ ಇರಬೇಕು.

ಹೆಸರಿನಲ್ಲಿರುವ 105 ಅನ್ನೋದು ಆಲ್ಕೋಹಾಲ್ ಅಳೆಯುವ ಹಳೇ ಬ್ರಿಟಿಷ್ ಪ್ರೂಫ್ ಲೆಕ್ಕ. ಅದರಲ್ಲಿ 100 ಅಂದರೆ ಶೇ. 57ರ ಆಸುಪಾಸು. ನಮ್ಮ ಅಂಗಡಿ ವಿಸ್ಕಿಯ ಮೇಲೆ 42.8 ಅಂತ ಇರುತ್ತದಲ್ವಾ? ಅದೇ ಲೆಕ್ಕದಲ್ಲಿ ಅದು 75. ಈ ಒಂದು ಲೀಟರಿಗೆ ನೀರು ಹಾಕಿ 42.8ಕ್ಕೆ ಇಳಿಸಿದರೆ 1.4 ಲೀಟರ್ ಆಗುತ್ತದೆ. ಇದರ ಬೆಲೆ ಕೈಗೆಟಕುವಂಥದ್ದು ಅಂತ ಹೇಳೋದಾದರೆ ಈ ಅರ್ಥದಲ್ಲಿ ಮಾತ್ರ. ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿ) ಯಾವತ್ತೂ ಅಗ್ಗವಲ್ಲ, ಇಲ್ಲಿ ನೀರಿಗೆ ದುಡ್ಡು ಕೊಡೋದಿಲ್ಲ ಅಷ್ಟೇ.

ಮಾರನೇ ಸಂಜೆ ಮರ್ಯಾದೆಯಿಂದ ಕೂತೆ. ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ, ಕರೆಂಟ್ ಇಲ್ಲ. ಬಾಯಿ ಕಿರಿದಾದ ವೈನ್ ಗ್ಲಾಸ್, 30 ಎಂಎಲ್ ವಿಸ್ಕಿ, ಬಾವಿ ನೀರು, ಅಳತೆಗೆ 5 ಎಂಎಲ್‌ನ ಟೀ ಚಮಚ. ಒಂದು ಚಮಚ ನೀರು ಹಾಕಿದರೆ ಆಲ್ಕೋಹಾಲ್ ಶೇ. 51, ಎರಡಕ್ಕೆ 45, ಮೂರಕ್ಕೆ 40.

ನೀರಿಲ್ಲದೆ ಮೂಸಿದಾಗ ಸ್ಪಿರಿಟ್ಟೇ ಜಾಸ್ತಿ. ಮೂಗನ್ನು ಗ್ಲಾಸಿನೊಳಗೆ ತೂರಿಸಬಾರದು, ಅಂಚಿನಿಂದ ಸ್ವಲ್ಪ ದೂರ ಹಿಡಿದು, ಬಾಯಿ ಅರ್ಧ ತೆರೆದು ಮೂಸಬೇಕು. ಒಂದು ಚಮಚ ಹಾಕಿ ಹತ್ತು ನಿಮಿಷ ಬಿಟ್ಟೆ. ಆಗ ಬಂತು ನೋಡಿ, ಕಣದಲ್ಲಿ ಚೆರ್ರಿ ಕಾಫಿ (ಸಿಪ್ಪೆ ಸಮೇತದ ಕಾಫಿ ಹಣ್ಣು) ಒಣಗುವಾಗ ನಾಲ್ಕನೇ ದಿನ ಏಳುವ ವಾಸನೆ! ಸಿಹಿ, ಅರ್ಧ ಹುಳಿ, ಒಣದ್ರಾಕ್ಷಿಯ ಹಾಗೆ. ಶೆರ್ರಿ ವೈನ್ ತುಂಬಿದ್ದ ಪೀಪಾಯಿಯ ಗುಣ ಅದು. ಎರಡನೇ ಚಮಚಕ್ಕೆ ಕಿತ್ತಳೆ ಸಿಪ್ಪೆ, ಲವಂಗ, ಹಿಂದೆಯೇ ಒಣಶುಂಠಿಯ ಖಾರ. ಮೂರನೆಯದಕ್ಕೆ ಎಲ್ಲ ತೆಳುವಾಯಿತು. ನನ್ನ ಮಟ್ಟಿಗೆ ಎರಡೇ ಸರಿ.

ಇದು ಬರೀ ನನ್ನ ನಾಲಿಗೆಯ ಮಾತಲ್ಲ. 2017ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಗ್ವಾಯಕಾಲ್ ಅನ್ನುವ ಪರಿಮಳದ ಅಂಶವನ್ನು ಹಿಡಿದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದ್ದರು. ಆಲ್ಕೋಹಾಲ್ ಶೇ. 45ರ ಒಳಗಿದ್ದರೆ ಅದು ಮೇಲ್ಪದರಕ್ಕೆ ಬರುತ್ತದಂತೆ. 59 ದಾಟಿದರೆ ಆಲ್ಕೋಹಾಲೇ ಅದನ್ನು ಸುತ್ತಿ ಒಳಗೆ ಇಟ್ಟುಕೊಳ್ಳುತ್ತದಂತೆ.

ಐಸ್ ಹಾಕಿಯೂ ನೋಡಿದೆ. ವಾಸನೆ ಸತ್ತುಹೋಯಿತು. ಮಾವ ಬಂದಾಗ ಮಿಲಿಟರಿ ಕ್ಯಾಂಟೀನ್ ರಮ್ಮಿಗೆ ಹಾಕುವ ಹಾಗೆ ಫ್ಲಾಸ್ಕಿನ ಬಿಸಿನೀರು ಸುರಿದರು. ಘಾಟು ಮೂಗಿಗೆ ಹೊಡೆದು ಗ್ಲಾಸ್ ದೂರ ಇಟ್ಟರು. ಆಮೇಲೆ ತಣ್ಣೀರು ಹಾಕಿಕೊಟ್ಟೆ. ಮಾತಾಡದೆ ಕುಡಿದರು. ಹೊಗಳೋದು ಅವರ ಅಭ್ಯಾಸ ಅಲ್ಲ.

ಪಂದಿ ಕರಿ (ನಮ್ಮ ಹಂದಿ ಮಾಂಸದ ಸಾರು) ಜೊತೆಗೆ ಮಾತ್ರ ಬೇಡ. ಅದಕ್ಕೆ ಹಾಕುವ ಕಾಚಂಪುಳಿ ಅನ್ನೋ ಕಪ್ಪು ವಿನೆಗರ್‌ನ ಹುಳಿ ನಾಲಿಗೆ ಮೇಲೆ ಕೂತರೆ ಯಾವ ಮಾಲ್ಟೂ ಏಳೋದಿಲ್ಲ. ಸುಮ್ನೆ ಹುರಿದ ಗೋಡಂಬಿ ಸಾಕು, ಅದೂ ಮಸಾಲೆ ಇಲ್ಲದ್ದು. ಬಾಟಲಿಯನ್ನು ನಿಲ್ಲಿಸಿಯೇ ಇಡಿ, ಇಷ್ಟು ಗಟ್ಟಿ ಸ್ಪಿರಿಟ್ ತಾಗುತ್ತಿದ್ದರೆ ಕಾರ್ಕ್ ಹಾಳಾಗುತ್ತದೆ. ನಮ್ಮ ಮಳೆಗಾಲದ ಥಂಡಿಗೆ ಲೇಬಲ್ ಮೇಲೆ ಆಗಲೇ ಬೂಷ್ಟು ಹಿಡಿದಿದೆ. ಒಳಗಿನದಕ್ಕೆ ಏನೂ ಆಗಿಲ್ಲ. ಅರ್ಧ ಉಳಿದಿದೆ, ಕೈಲ್ ಪೊಳ್ದ್ ಹಬ್ಬದವರೆಗೆ ಬರಬೇಕು.